ಯಾವ ಕಂಪನಿಯ ರಿವಾಲ್ವರ್ ಒಳ್ಳೇದು? ತೋರುಬೆರಳನ್ನು ಕೇಳಿ ನೋಡಿ

2019ರ ಡಿಸೆಂಬರ್‌ನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಅದು ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕಿತ್ತು. ಹಿರಿಯರಿಂದ ಬಂದದ್ದು ಅಂತ ಹೇಳಿದರೂ ಬಿಡುವ ಹಾಗಿರಲಿಲ್ಲ.

ಸಕಲೇಶಪುರದ ಹತ್ತಿರ ನಮ್ಮ ದೊಡ್ಡಪ್ಪನ ತೋಟದ ಮನೆಯಲ್ಲಿ ಇದ್ದದ್ದು ಸರಿಯಾಗಿ ಮೂರು. ಹಂದಿ ಹೆದರಿಸಲು ಅಜ್ಜ ಇಟ್ಟುಕೊಂಡಿದ್ದ ಕೇಪಿನ ಕೋವಿ. ಒಂದು ಜೋಡಿ ನಳಿಗೆ ಕೋವಿ. ಮತ್ತೆ ಬೀರುವಿನ ಒಳಖಾನೆಯಲ್ಲಿ ಹಳೇ ಪಂಚೆ ತುಂಡಿನಲ್ಲಿ ಸುತ್ತಿಟ್ಟ .32 ಬೋರಿನ (ಬೋರು ಅಂದರೆ ನಳಿಗೆಯ ತೂತಿನ ಅಳತೆ) ವೆಬ್ಲಿ ಕಂಪನಿಯ ರಿವಾಲ್ವರ್. ಬಟವಾಡೆ ದಿನ ಅಜ್ಜ ಬ್ಯಾಂಕಿನಿಂದ ಆಳುಗಳ ದುಡ್ಡು ತರುವಾಗ ಅದು ಸೊಂಟದಲ್ಲಿರುತ್ತಿತ್ತಂತೆ. ನಮಗೆ ಅದರ ದರ್ಶನ ವರ್ಷಕ್ಕೊಮ್ಮೆ, ಆಯುಧ ಪೂಜೆ ದಿನ, ಕುಂಕುಮ ಹಚ್ಚಿದ ಮೇಲೆ.

ಯಾವುದನ್ನು ಬಿಡೋದು? "ವೆಬ್ಲಿನೇ ಕೊಟ್ಟುಬಿಡಿ ಅಪ್ಪ, ಬೇಕಾದರೆ ನಾನು ಲೈಸೆನ್ಸ್ ಮಾಡಿಸಿಕೊಂಡು ಹೊಸ ಕಂಪನಿದು ತಗೋತೀನಿ" ಅಂದ ನಮ್ಮಣ್ಣ. ದೊಡ್ಡಪ್ಪ ತಲೆ ಎತ್ತಲಿಲ್ಲ. "ಕಂಪನಿ ಆಮೇಲೆ ಮಾರಾಯ, ಕೈಗೆ ಹಿಡಿಸಬೇಕಲ್ಲ" ಅಂದರು.

ನಾನು ಬೆಂಗಳೂರಿನಲ್ಲಿದ್ದಾಗ ಕೆಲವು ವರ್ಷ ರೇಂಜ್‌ನಲ್ಲಿ ಗುರಿ ಅಭ್ಯಾಸ ಮಾಡಿದವನು. ಯಾವ ಕಂಪನಿ ಒಳ್ಳೇದು ಎಂಬ ವಾದವನ್ನು ಅಲ್ಲಿ ಬೇಕಾದಷ್ಟು ಕೇಳಿದ್ದೆ. ಆದರೆ ದೊಡ್ಡಪ್ಪ ಹೇಳಿದ ಆ ಒಂದು ಮಾತನ್ನು ಹಿಡಿದುಕೊಂಡು ಹೋದರೆ ವಾದದ ಅರ್ಧ ಭಾಗ ತಾನಾಗಿ ಬಗೆಹರಿಯುತ್ತದೆ. ಶೂಟರ್‌ಗಳು ಕಂಪನಿಯ ಹೆಸರು ಹೇಳುತ್ತಾರೆ ನಿಜ. ಅವರ ಮನಸ್ಸಿನಲ್ಲಿರುವುದು ಮಾತ್ರ ಬಹುಪಾಲು ಟ್ರಿಗರ್ ಎಳೆತ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಿವಾಲ್ವರ್‌ನಲ್ಲಿ ಒಂದು ನಳಿಗೆ, ಅದರ ಹಿಂದೆ ಐದೋ ಆರೋ ಗೂಡುಗಳ ಒಂದು ಉರುಳೆ. ಅದೇ ಸಿಲಿಂಡರ್. ಪ್ರತಿ ಗೂಡಿನಲ್ಲೂ ಒಂದು ತೋಟಾ, ಅಂದರೆ ಗುಂಡು ಮದ್ದು ತುಂಬಿದ ಸಣ್ಣ ಕೊಳವೆ. ಹಿಂದೆ ಹ್ಯಾಮರ್, ನಮ್ಮ ಹಿರಿಯರ ಬಾಯಲ್ಲಿ ಕುದುರೆ. ಒಳಗಿರುವ ಒಂದು ಸಣ್ಣ ಕೊಕ್ಕೆ ಸಿಲಿಂಡರನ್ನು ಒಂದೊಂದೇ ಗೂಡಿನಷ್ಟು ಮುಂದಕ್ಕೆ ನೂಕುತ್ತದೆ. ಸೈಕಲ್ ಫ್ರೀವೀಲ್ ಬಿಚ್ಚಿದವರಿಗೆ ಅಂಥ ಕೊಕ್ಕೆ ಗೊತ್ತಿರುತ್ತದೆ. ಇನ್ನೊಂದು ಚಿಕ್ಕ ಗೂಟ ಕೆಳಗಿನಿಂದ ಎದ್ದು ಬಂದು ಸಿಲಿಂಡರನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಆಗ ಗೂಡು ನಳಿಗೆಗೆ ನೇರವಾಗಿ ಕೂತಿರಬೇಕು. ಆಮೇಲೆ ಕುದುರೆ ಬೀಳುತ್ತದೆ.

ಕುದುರೆಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ನಿಲ್ಲಿಸಿ, ಆಮೇಲೆ ಟ್ರಿಗರ್ ಒತ್ತುವುದು ಸಿಂಗಲ್ ಆಕ್ಷನ್. ಟ್ರಿಗರ್‌ಗೆ ಆಗ ಉಳಿಯುವುದು ಒಂದೇ ಕೆಲಸ, ಕುದುರೆಯನ್ನು ಬಿಡಿಸುವುದು. ಒಂದೂವರೆ, ಎರಡು ಕೆಜಿಯಷ್ಟು ಬಲ ಸಾಕು. ಹೆಬ್ಬೆರಳು ಬಳಸದೆ ಟ್ರಿಗರ್ ಒಂದನ್ನೇ ಎಳೆದು ಹೊಡೆಯುವುದು ಡಬಲ್ ಆಕ್ಷನ್. ಆಗ ಅದೇ ಒಂದು ಬೆರಳು ಕುದುರೆಯನ್ನು ಎತ್ತಬೇಕು, ಸಿಲಿಂಡರ್ ತಿರುಗಿಸಬೇಕು, ಕೊನೆಗೆ ಕುದುರೆ ಬಿಡಿಸಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ ಕೆಜಿ ಬಲ ಬೇಕು. ಐದು ಲೀಟರ್ ನೀರಿನ ಕ್ಯಾನನ್ನು ತೋರುಬೆರಳಲ್ಲಿ ಮೇಲಕ್ಕೆಳೆಯಿರಿ. ಎಳೆಯುವಾಗ ಅದೇ ಕೈಯಲ್ಲಿ ಹಿಡಿದ ಮುಕ್ಕಾಲು ಕೆಜಿ ತೂಕದ ವಸ್ತು ಒಂದು ಕೂದಲೆಳೆಯಷ್ಟೂ ಅಲ್ಲಾಡಬಾರದು. ಕಷ್ಟ ಅಲ್ವಾ?

ಅಲ್ಲಾಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ರಿವಾಲ್ವರ್ ಮೇಲೆ ಗುರಿ ನೋಡಲು ಹಿಂದೊಂದು ಮುಂದೊಂದು ಸೈಟ್ ಇರುತ್ತದೆ. ಅವುಗಳ ನಡುವೆ 10 ಸೆಂ.ಮೀ. ಅಂತರ ಇದೆ ಅಂತಿಟ್ಟುಕೊಳ್ಳಿ. ಮುಂದಿನ ಸೈಟ್ ಕೇವಲ 1 ಮಿ.ಮೀ. ಸರಿದರೆ 25 ಮೀಟರ್ ದೂರದಲ್ಲಿ ಗುಂಡು 25 ಸೆಂ.ಮೀ. ತಪ್ಪುತ್ತದೆ. ಅಂತರ 20 ಸೆಂ.ಮೀ. ಇದ್ದರೆ ತಪ್ಪು ಹನ್ನೆರಡೂವರೆ ಸೆಂ.ಮೀ.ಗೆ ಇಳಿಯುತ್ತದೆ. ಗುರಿ ಸ್ಪರ್ಧೆಯವರು ಉದ್ದ ನಳಿಗೆ ಕೇಳುವುದು ಇದಕ್ಕೇ. ಜೇಬಿನಲ್ಲಿ ಇಟ್ಟುಕೊಳ್ಳುವ ಗಿಡ್ಡ ರಿವಾಲ್ವರ್ "ಸರಿಯಾಗಿ ಹೊಡೆಯಲ್ಲ" ಅಂತ ಬೈಸಿಕೊಳ್ಳುವುದೂ ಇದಕ್ಕೇ. ಹೆಚ್ಚಿನ ಸಲ ನಳಿಗೆ ನೆಟ್ಟಗೇ ಇರುತ್ತದೆ. ಬೆರಳು ಎಳೆದಾಗ ಮೂತಿ ಸರಿದಿರುತ್ತದೆ.

ಈಗ ಕಂಪನಿಗಳಿಗೆ ಬರೋಣ. ಈ ಐದು ಕೆಜಿ ಎಳೆತವನ್ನು ಬೆರಳಿಗೆ ಹೇಗೆ ಹಂಚಿ ಕೊಡಬೇಕು ಎಂಬ ಪ್ರಶ್ನೆಗೆ ಒಂದೊಂದು ಕಂಪನಿ ಒಂದೊಂದು ಉತ್ತರ ಕಂಡುಕೊಂಡಿದೆ.

ಅಮೆರಿಕದ ಸ್ಯಾಮ್ಯುಯಲ್ ಕೋಲ್ಟ್ 1836ರಲ್ಲಿ ತನ್ನ ದೇಶದ ಪೇಟೆಂಟ್ ಪಡೆದ. ಅವನ ಕಂಪನಿಯ ಹೆಸರು ಮಾಡಿದ ಮಾಡೆಲ್‌ಗಳಲ್ಲಿ ಒಂದು ಪೈಥಾನ್, 1955ರದ್ದು. ಹಳೇ ಕೋಲ್ಟ್ ರಿವಾಲ್ವರ್‌ಗಳಲ್ಲಿ ಒಂದು ವಿಶೇಷ ಇತ್ತು. ಟ್ರಿಗರ್ ಪೂರ್ತಿ ಹಿಂದಕ್ಕೆ ಬಂದಾಗ ಕೊಕ್ಕೆ ಸಿಲಿಂಡರನ್ನು ಒತ್ತಿ ಹಿಡಿದೇ ಇರುತ್ತದೆ. ಒಂದು ಚೂರೂ ಆಟ ಇರುವುದಿಲ್ಲ. ಗುರಿಯ ನಿಖರತೆ ಬೇಕೆನ್ನುವವರು ಇದಕ್ಕೆ ಮನಸೋತರು. ಆದರೆ ಬಿಗಿಯಾಗಿ ಒತ್ತುವ ಭಾಗ ಬೇಗ ಸವೆಯುತ್ತದೆ. ಸವೆದರೆ ಗೂಡು ಮತ್ತು ನಳಿಗೆಯ ಹೊಂದಾಣಿಕೆ ತಪ್ಪುತ್ತದೆ. ಅದನ್ನು ಸರಿ ಮಾಡಲು ಪಳಗಿದ ಕೈಯೇ ಬೇಕು. ಇನ್ನೊಂದು ಗುಣ, ಎಳೆತ ಹಗುರವಾಗಿ ಶುರುವಾಗಿ ಕೊನೆಗೆ ಭಾರವಾಗುತ್ತದೆ. ಬಾವಿಯಿಂದ ಕೊಡ ಮೇಲೆ ಬರುತ್ತಾ ಬರುತ್ತಾ ತೂಕ ಏರಿದ ಹಾಗೆ. ನಿಧಾನವಾಗಿ ಒಂದೊಂದೇ ಈಡು ಹೊಡೆಯುವವನಿಗೆ ಇದು ಅನುಕೂಲ, ಈಗ ಬೀಳುತ್ತೆ ಅಂತ ಬೆರಳಿಗೆ ಮೊದಲೇ ಗೊತ್ತಾಗುತ್ತದೆ. ಸರಸರನೆ ಹೊಡೆಯುವವನಿಗೆ ಅದೇ ತೊಂದರೆ. ಪೈಥಾನ್ ತಯಾರಿಕೆ ನಿಂತುಹೋಗಿ 2020ರಲ್ಲಿ ಮತ್ತೆ ಬಂತು. ಒಳಗಿನ ಯಂತ್ರವನ್ನು ಮಾತ್ರ ಬದಲಾಯಿಸಿದ್ದಾರೆ.

ಸ್ಮಿತ್ ಅಂಡ್ ವೆಸನ್ ಕಂಪನಿಯ ಕಥೆ ಶುರುವಾಗುವುದು 1852ರಲ್ಲಿ. ಇವರ ಸಿಲಿಂಡರ್ ತಿರುಗುವುದು ಕೋಲ್ಟ್‌ಗೆ ಉಲ್ಟಾ ದಿಕ್ಕಿನಲ್ಲಿ. ಎಳೆತ ಮೊದಲಿನಿಂದ ಕೊನೆಯವರೆಗೆ ಹೆಚ್ಚು ಕಡಿಮೆ ಒಂದೇ ಸಮ. ಸಿಲಿಂಡರ್‌ಗೆ ಕೂದಲೆಳೆಯಷ್ಟು ಆಟ ಉಳಿಯುತ್ತದೆ, ಅದರಿಂದ ಗುರಿಗೆ ತೊಂದರೆ ಆಗುವುದಿಲ್ಲ. ನಳಿಗೆಯ ಹಿಂದಿನ ಬಾಯಿ ಸ್ವಲ್ಪ ಅಗಲವಾಗಿರುವುದರಿಂದ ಗುಂಡು ತಾನೇ ನೇರಕ್ಕೆ ಬರುತ್ತದೆ. ವೇಗದ ಸ್ಪರ್ಧೆಯವರ ಕೈಯಲ್ಲಿ ಸ್ಮಿತ್ ಅಂಡ್ ವೆಸನ್ ಜಾಸ್ತಿ ಕಾಣುವುದು ಈ ಸಮ ಎಳೆತದಿಂದ. 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಎಂಬ ಅಮೆರಿಕದ ಶೂಟರ್ ಈ ಕಂಪನಿಯ ಆರು ಗುಂಡಿನ ರಿವಾಲ್ವರ್‌ನಲ್ಲಿ ಆರು ಹೊಡೆದು, ಖಾಲಿ ಮಾಡಿ, ಮತ್ತೆ ತುಂಬಿ, ಇನ್ನಾರು ಹೊಡೆದ. ಒಟ್ಟು 2.99 ಸೆಕೆಂಡ್. ನಾವು "ಒಂದು, ಎರಡು, ಮೂರು" ಎಂದು ಎಣಿಸಿ ಮುಗಿಸುವಷ್ಟರಲ್ಲಿ. ಎಳೆತದ ಭಾರ ನಡುವೆ ಏರಿಳಿಯುತ್ತಿದ್ದರೆ ಇಂಥದ್ದು ಎಷ್ಟು ಕಷ್ಟವಾಗುತ್ತಿತ್ತು ಯೋಚಿಸಿ.

ರೂಗರ್ ಇವರಿಬ್ಬರಿಗಿಂತ ತೀರಾ ಕಿರಿಯ, 1949ರ ಕಂಪನಿ. ಇವರು ಫ್ರೇಮನ್ನು, ಅಂದರೆ ರಿವಾಲ್ವರ್‌ನ ಚೌಕಟ್ಟನ್ನು, ಬಡಿದು ಮಾಡುವುದಿಲ್ಲ, ಎರಕ ಹೊಯ್ಯುತ್ತಾರೆ. ಎರಕ ಅಂದ ತಕ್ಷಣ ಕಡಿಮೆ ದರ್ಜೆ ಅಂತ ಮೂಗು ಮುರಿಯುವವರು ಇದ್ದಾರೆ. ಅದು ಸರಿಯಲ್ಲ. ಎರಕದ ಫ್ರೇಮನ್ನು ಬೇಕಾದ ಕಡೆ ದಪ್ಪ ಮಾಡಿದ್ದಾರೆ. ಪಕ್ಕದಲ್ಲಿ ಬಿಚ್ಚುವ ತಗಡೂ ಇಲ್ಲ, ಟ್ರಿಗರ್ ಭಾಗ ಕೆಳಗಿನಿಂದ ಒಂದೇ ಗೊಂಚಲಾಗಿ ಹೊರಬರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡುವ ನಮ್ಮ ತೋಟದ ಮೇಸ್ತ್ರಿಗೆ ತೋರಿಸಿದರೆ ಇದನ್ನೇ ಮೆಚ್ಚುತ್ತಿದ್ದ ಅನಿಸುತ್ತದೆ. ಎಳೆತ ಮಾತ್ರ ಸ್ಮಿತ್‌ನಷ್ಟು ನಯ ಅಲ್ಲ ಎಂದು ಬಹಳ ಶೂಟರ್‌ಗಳ ಅಭಿಪ್ರಾಯ. ಭಾರಿ ತೋಟಾಗಳನ್ನು ವರ್ಷಗಟ್ಟಲೆ ಹೊಡೆಯುವವರು ಆ ನಯವನ್ನು ಬಿಟ್ಟುಕೊಟ್ಟು ಗಟ್ಟಿತನ ತೆಗೆದುಕೊಳ್ಳುತ್ತಾರೆ. ಸ್ಮಿತ್ ಅಂಡ್ ವೆಸನ್‌ಗೂ ಈ ಪಾಠ ಆಗಿದೆ. ಅವರ ನಡುಗಾತ್ರದ ಫ್ರೇಮು ಮ್ಯಾಗ್ನಂ ಎಂಬ ಹೆಚ್ಚು ಬಲದ ತೋಟಾಗಳನ್ನು ಸತತವಾಗಿ ಹೊಡೆದಾಗ ಬೇಗ ಸವೆಯುತ್ತಿತ್ತು. 1980ರ ದಶಕದ ಆರಂಭದಲ್ಲಿ ಸ್ವಲ್ಪ ದೊಡ್ಡದಾದ ಹೊಸ ಫ್ರೇಮನ್ನು ತಂದರು.

ರೂಗರ್ ಹೆಸರಿನ ಜೊತೆ ಒಂದು ಸುರಕ್ಷತೆಯ ವಿಷಯ ಹೇಳಲೇಬೇಕು. ಹಳೇ ರಿವಾಲ್ವರ್‌ಗಳಲ್ಲಿ ಕುದುರೆಯ ಮೊನೆ ನೇರ ತೋಟಾದ ಬೆನ್ನಿಗೇ ತಾಗುತ್ತದೆ. ಕೈಜಾರಿ ಬಿದ್ದು ಕುದುರೆಗೆ ಏಟಾದರೆ ಗುಂಡು ಹಾರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗಿನ ಉಕ್ಕಿನ ನೆಲದ ಮೇಲೆ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಬಿದ್ದು ಹಾರಿ ಒಬ್ಬ ನಾವಿಕ ಸತ್ತ. ಆಮೇಲೆ ಆ ಕಂಪನಿ ಕುದುರೆಯನ್ನು ತಡೆದು ನಿಲ್ಲಿಸುವ ಭಾಗವನ್ನು ಹೊಸದಾಗಿ ಮಾಡಿತು. ರೂಗರ್ 1973ರಲ್ಲಿ ತನ್ನ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳಿಗೆ ಒಂದು ಪಟ್ಟಿ ಹಾಕಿತು. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಆ ಪಟ್ಟಿ ಮೇಲೆದ್ದು ಕುದುರೆಯ ಏಟನ್ನು ಫ್ರೇಮಿನಲ್ಲಿ ಬೇರೆಯಾಗಿ ಕೂತ ಮೊನೆಗೆ ದಾಟಿಸುತ್ತದೆ. ಎಳೆಯದಿದ್ದರೆ ಏಟು ದಾಟುವುದೇ ಇಲ್ಲ. ಇಂಥ ತಡೆ ಇಲ್ಲದ ಹಳೇ ರಿವಾಲ್ವರ್ ಮನೆಯಲ್ಲಿದ್ದರೆ ಕುದುರೆಯ ಕೆಳಗಿನ ಗೂಡನ್ನು ಖಾಲಿ ಬಿಡಬೇಕು. ಇದು ನನ್ನ ಕೈಮುಗಿದ ಕೋರಿಕೆ.

ಬ್ರೆಜಿಲ್‌ನ ಟಾರಸ್, ಫ್ರಾನ್ಸಿನ ಮನುರಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲನೆಯದನ್ನು ಕಡಿಮೆ ಬೆಲೆಗೆ ಕೊಳ್ಳುತ್ತಾರೆ. ಎರಡನೆಯದು ಫ್ರಾನ್ಸಿನ ಕಮಾಂಡೋ ಪಡೆ ಬಳಸಿದ್ದು, ಬೆಲೆ ಜಾಸ್ತಿ.

ಅಭ್ಯಾಸದ ಪಾತ್ರವೂ ದೊಡ್ಡದು. ಸಿಲಿಂಡರ್ ಹೊರಗೆ ತೆಗೆಯುವ ಗುಂಡಿಯನ್ನು ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು, ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು. ಹಳೇ ಬುಲೆಟ್ ಬೈಕಿನಲ್ಲಿ ಬಲಗಾಲಲ್ಲಿ ಗೇರ್ ಹಾಕಿ ಪಳಗಿದವರು ಹೊಸ ಬೈಕ್ ಹತ್ತಿ ಬ್ರೇಕ್ ಒತ್ತಲು ಹೋಗಿ ಗೇರ್ ಒತ್ತಿದ್ದನ್ನು ನೋಡಿದ್ದೀರಲ್ಲ? ಅದೇ ಕಥೆ. ಇಪ್ಪತ್ತು ವರ್ಷ ಒಂದು ಕಂಪನಿಯದ್ದನ್ನು ಹಿಡಿದವರಿಗೆ ಇನ್ನೊಂದು ಸುಲಭಕ್ಕೆ ಒಗ್ಗುವುದಿಲ್ಲ. ಇದನ್ನು ಹಠ ಎನ್ನಲಾಗದು. ಕೈಗೂ ನೆನಪಿರುತ್ತದೆ.

ಹೆಸರಿನ ಅಭಿಮಾನವೂ ಇಲ್ಲದಿಲ್ಲ. ನಮ್ಮ ದೇಶದಲ್ಲಿ ಸಾಮಾನ್ಯರ ಕೈಯಲ್ಲಿರುವ .32 ತೋಟಾ ಇದೆಯಲ್ಲ, ಅದು ಸ್ಮಿತ್ ಅಂಡ್ ವೆಸನ್ 1896ರಲ್ಲಿ ತಂದ .32 ಲಾಂಗ್. ಕೋಲ್ಟ್‌ನವರಿಗೂ ಆ ತೋಟಾ ಬೇಕಿತ್ತು. ಪ್ರತಿಸ್ಪರ್ಧಿಯ ಹೆಸರನ್ನು ತಮ್ಮ ರಿವಾಲ್ವರ್ ಮೇಲೆ ಕೆತ್ತಲು ಮನಸ್ಸಾಗಲಿಲ್ಲ. ಗುಂಡಿನ ಮೂತಿ ಚಪ್ಪಟೆ ಮಾಡಿ, ಕೋಲ್ಟ್ ನ್ಯೂ ಪೊಲೀಸ್ ಎಂದು ಹೆಸರಿಟ್ಟು ಮಾರಿದರು.

ಇನ್ನು ವೆಬ್ಲಿ. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನದು. 1887ರಿಂದ ಬ್ರಿಟಿಷ್ ಸೇನೆ ಬಳಸಿತು, ಹಾಗೇ ನಮ್ಮ ದೇಶಕ್ಕೂ ಬಂತು. ವೆಬ್ಲಿಯ ಸಿಲಿಂಡರ್ ಪಕ್ಕಕ್ಕೆ ಬರುವುದಿಲ್ಲ. ಹೆಬ್ಬೆರಳಲ್ಲಿ ಚಿಲಕ ಒತ್ತಿದರೆ ಇಡೀ ನಳಿಗೆ ನಮ್ಮ ಜೋಡಿ ನಳಿಗೆ ಕೋವಿಯ ಹಾಗೆ ಮುಂದಕ್ಕೆ ಬಾಗುತ್ತದೆ. ಬಾಗಿದ ಕೂಡಲೇ ಆರೂ ಖಾಲಿ ತೋಟಾಗಳು ಒಟ್ಟಿಗೆ ಚಿಮ್ಮಿ ಹೊರಬರುತ್ತವೆ. ಮಲೆನಾಡಿನವರಿಗೆ ವೆಬ್ಲಿ ಒಗ್ಗಿದ್ದರಲ್ಲಿ ಇದರ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಕೈಗೆ ಮೊದಲೇ ಗೊತ್ತಿದ್ದ ಚಲನೆ ಅದು. ಇದರ ದೌರ್ಬಲ್ಯ ಕೂಡ ಅಲ್ಲೇ, ಕೀಲು ಮತ್ತು ಚಿಲಕದಲ್ಲಿ. ಅವೆರಡರ ಮೇಲೇ ಎಲ್ಲ ಒತ್ತಡ ಬೀಳುವುದರಿಂದ ಭಾರಿ ತೋಟಾಗಳಿಗೆ ಆಗಿಬರುವುದಿಲ್ಲ. .32 ಲಾಂಗ್ ಸೌಮ್ಯ ತೋಟಾ. ಅದರ ಗುಂಡು ಸುಮಾರು ಆರೂವರೆ ಗ್ರಾಂ ಅಷ್ಟೇ. ಕೀಲು ತಡೆದುಕೊಳ್ಳುತ್ತದೆ.

ಇಷ್ಟು ಓದಿ "ಹಾಗಾದರೆ ನಾನು ಸ್ಮಿತ್ ತಗೋತೀನಿ" ಎಂದರೆ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಅದು ಸುಲಭ ಅಲ್ಲ. 1980ರ ದಶಕದಿಂದ ಸಾಮಾನ್ಯ ಜನ ವಿದೇಶಿ ರಿವಾಲ್ವರ್ ತರಿಸಿಕೊಳ್ಳುವ ದಾರಿ ಮುಚ್ಚಿದೆ. ಹೆಸರು ಮಾಡಿದ ಕ್ರೀಡಾಪಟುಗಳಿಗೆ ಮಾತ್ರ ರಿಯಾಯಿತಿ. .380, .455, 9 ಎಂಎಂನಂಥ ಸೇನೆ ಪೊಲೀಸರ ತೋಟಾಗಳು ನಮಗೆ ನಿಷಿದ್ಧ. ಹಾಗಾಗಿ ಮೊದಲೇ ದೇಶದೊಳಗೆ ಬಂದಿದ್ದ ಹಳೇ ವೆಬ್ಲಿ, ಸ್ಮಿತ್, ಕೋಲ್ಟ್‌ಗಳೇ ಕೈಯಿಂದ ಕೈಗೆ ಓಡಾಡುತ್ತವೆ. ಅವುಗಳ ಬೆಲೆಯಲ್ಲಿ ಯಂತ್ರದ ಗುಣಕ್ಕಿಂತ ಸಿಗದಿರುವಿಕೆಯ ಪಾಲು ದೊಡ್ಡದು. ಸಾವಿರಾರು ಗುಂಡು ಹೊಡೆದು ಚಿಲಕ ಅಲ್ಲಾಡುವ ಹಳೇ ರಿವಾಲ್ವರ್‌ಗೆ ಬರೀ ಹೆಸರು ನೋಡಿ ಲಕ್ಷಗಟ್ಟಲೆ ಸುರಿಯುವುದು ತಪ್ಪು ಎಂದೇ ನಾನು ಹೇಳುತ್ತೇನೆ.

ಹೊಸದರಲ್ಲಿ ಆಯ್ಕೆ ದೇಶದೊಳಗಿನದ್ದೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿಯ ಮಾದರಿಯದ್ದೇ, ಮುಂದಕ್ಕೆ ಬಾಗುವಂಥದ್ದು. 2014ರಲ್ಲಿ ಕಾನ್ಪುರದಿಂದಲೇ ನಿರ್ಭೀಕ್ ಎಂಬ ರಿವಾಲ್ವರ್ ಬಂತು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. ಹೆಂಗಸರ ಪರ್ಸಿಗೆ ಹಿಡಿಸುವಂತೆ ಹಗುರ ಎಂದು ಪ್ರಚಾರ ಆಯಿತು. ಇಲ್ಲಿ ಒಂದು ಮಾತು ಹೇಳಬೇಕು. ಅದೇ ತೋಟಾವನ್ನು ಅರ್ಧ ತೂಕದ ರಿವಾಲ್ವರ್‌ನಲ್ಲಿ ಹೊಡೆದರೆ ಅದು ಹಿಂದಕ್ಕೆ ಒದೆಯುವ ವೇಗ ಎರಡರಷ್ಟಾಗುತ್ತದೆ. ಇಟ್ಟುಕೊಳ್ಳಲು ಹಗುರವಾದದ್ದು ಹೊಡೆಯಲು ಹಗುರವಲ್ಲ. ಹೊಸದಾಗಿ ಕಲಿಯುವವರ ಕೈಗೆ ಮೊದಲು ತೂಕದ್ದನ್ನೇ ಕೊಡಬೇಕು.

2020ರಲ್ಲಿ ವೆಬ್ಲಿ ಕಂಪನಿಯೇ ಉತ್ತರಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ಭಾರತೀಯ ಪಾಲುದಾರರ ಜೊತೆ .32 ರಿವಾಲ್ವರ್ ತಯಾರಿಕೆ ಶುರು ಮಾಡಿತು. 2023ರಲ್ಲಿ ಕಾನ್ಪುರದಿಂದ ಪ್ರಬಲ್ ಎಂಬ ರಿವಾಲ್ವರ್ ಬಂತು. ಸುಮಾರು 700 ಗ್ರಾಂ, 76 ಮಿ.ಮೀ. ನಳಿಗೆ. ಸಿಲಿಂಡರ್ ಪಕ್ಕಕ್ಕೆ ಬರುತ್ತದೆ, ಅಂದರೆ ಕೋಲ್ಟ್, ಸ್ಮಿತ್‌ಗಳ ದಾರಿ. ಐವತ್ತು ಮೀಟರ್ ಹೋಗುತ್ತದೆ ಎಂಬುದೇ ಅದರ ಪ್ರಚಾರದ ಮುಖ್ಯ ಮಾತಾಗಿತ್ತು. ಮೇಲಿನ ಸೈಟ್ ಲೆಕ್ಕ ನೆನಪಿಸಿಕೊಳ್ಳಿ. ಗುಂಡು ಐವತ್ತು ಮೀಟರ್ ಹೋಗಬಹುದು, ಅಷ್ಟು ಗಿಡ್ಡ ನಳಿಗೆಯಲ್ಲಿ ನಮ್ಮ ಬೆರಳು ಅಷ್ಟು ದೂರ ಹೋಗುವುದು ಕಷ್ಟ.

ನಮ್ಮ ಕಡೆ ಆನೆ ಕಾಟ ಇರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಆನೆಗೆ ರಿವಾಲ್ವರ್ ತೋರಿಸುವ ಯೋಚನೆ ಬೇಡವೇ ಬೇಡ. ಅದು ಅಪರಾಧ. ಗಾಯಗೊಂಡ ಆನೆ ತಿರುಗಿದರೆ ಆ ದಾರಿಯಲ್ಲಿ ಆಮೇಲೆ ಬರುವ ಕೂಲಿಯವರ ಜೀವ ಹೋಗುತ್ತದೆ.

2020ರಲ್ಲಿ ದೊಡ್ಡಪ್ಪ ಒಪ್ಪಿಸಿದ್ದು ಕೇಪಿನ ಕೋವಿಯನ್ನು. ವೆಬ್ಲಿ ಉಳಿಯಿತು. 2024ರ ಲೋಕಸಭೆ ಚುನಾವಣೆಗೆ ಎಲ್ಲರಂತೆ ಅವರೂ ಕೋವಿಗಳನ್ನು ಜಮಾ ಮಾಡಿದ್ದರು, ಅಂಗಡಿಯಲ್ಲಿ. ಚುನಾವಣೆ ಮುಗಿದ ಮೇಲೆ ವಾಪಸ್ ತರಲು ಹೋದಾಗ ನಾನೂ ಅಣ್ಣನೂ ಜೊತೆಗಿದ್ದೆವು. ಅಣ್ಣನಿಗೆ ಅಷ್ಟರಲ್ಲಿ ಲೈಸೆನ್ಸ್ ಬಂದಿತ್ತು. ಪಕ್ಕಕ್ಕೆ ಸಿಲಿಂಡರ್ ಬರುವ ಹೊಸದೊಂದನ್ನು ನೋಡಬೇಕಿತ್ತು.

ಅಂಗಡಿಯವರು ಒಳ್ಳೆಯ ಹಿರಿಯರು. ವೆಬ್ಲಿ, ಹೊಸದು ಎರಡನ್ನೂ ತೆರೆದು ಖಾಲಿ ಇದೆ ಎಂದು ತಾವೂ ನೋಡಿದರು, ನಮಗೂ ತೋರಿಸಿದರು. ಹಳೇ ರಿವಾಲ್ವರ್‌ನಲ್ಲಿ ಖಾಲಿ ಕುದುರೆ ಬಿಟ್ಟರೆ ಮೊನೆ ಮುರಿಯಬಹುದು ಎಂದು ಮದ್ದಿಲ್ಲದ ಡಮ್ಮಿ ತೋಟಾ ಹಾಕಿದರು. ಆಮೇಲೆ ನಳಿಗೆಯ ಮೇಲೆ, ಮುಂದಿನ ಸೈಟ್ ಪಕ್ಕ, ಒಂದು ರೂಪಾಯಿ ನಾಣ್ಯ ಇಟ್ಟರು. "ಗೋಡೆ ಕಡೆ ಹಿಡಿದು ಟ್ರಿಗರ್ ಎಳೀರಿ. ನಾಣ್ಯ ಬೀಳಬಾರದು."

ಅಣ್ಣ ಹೊಸದನ್ನು ಡಬಲ್ ಆಕ್ಷನ್‌ನಲ್ಲಿ ಎಳೆದ. ಮೂರು ಸಲ ಬಿತ್ತು. ಅಂಗಡಿಯವರು ಅವನ ಕೈಯನ್ನು ಹಿಡಿಯ ಮೇಲೆ ಸ್ವಲ್ಪ ಎತ್ತರಕ್ಕೆ ಕೂರಿಸಿದರು. ಬೆರಳಿನ ಮೊದಲ ಗೆಣ್ಣಿನ ಬದಲು ಅದರ ಮುಂದಿನ ಮೆತ್ತೆ ತಾಗುವಂತೆ ಮಾಡಿದರು. ನಾಲ್ಕನೇ ಸಲ ನಾಣ್ಯ ನಿಂತಿತು. ಅದನ್ನೇ ತೆಗೆದುಕೊಂಡ.

ದೊಡ್ಡಪ್ಪನಿಗೆ ಆಗ ಎಪ್ಪತ್ನಾಲ್ಕು ವರ್ಷ. ಅದೇ ಹೊಸದನ್ನು ಎಳೆಯಲು ನೋಡಿದರು, ಬೆರಳು ಟ್ರಿಗರನ್ನು ಪೂರ್ತಿ ಹಿಂದಕ್ಕೆ ತರಲೇ ಇಲ್ಲ. ವೆಬ್ಲಿಯಲ್ಲೂ ಡಬಲ್ ಆಕ್ಷನ್‌ನಲ್ಲಿ ನಾಣ್ಯ ಬಿತ್ತು. ಆಮೇಲೆ ಹೆಬ್ಬೆರಳಲ್ಲಿ ಕುದುರೆಯನ್ನು ಹಿಂದಕ್ಕೆ ನಿಲ್ಲಿಸಿ, ಉಸಿರು ಬಿಟ್ಟು, ಮೆಲ್ಲಗೆ ಒತ್ತಿದರು. ಟಕ್ ಅಂತ ಸದ್ದಾಯಿತು. ನಾಣ್ಯ ಇದ್ದಲ್ಲೇ ಇತ್ತು. ಚಿಲಕ ಒತ್ತಿದರು, ನಳಿಗೆ ಬಾಗಿ ಆರೂ ಡಮ್ಮಿಗಳು ಗಾಜಿನ ಮೇಲೆ ಉದುರಿದವು. ದೊಡ್ಡಪ್ಪ ಅವನ್ನು ಒಂದೊಂದಾಗಿ ಎಣಿಸಿ ಅಂಗಡಿಯವರ ಕೈಗೆ ಕೊಟ್ಟು, ಪಂಚೆ ತುಂಡನ್ನು ಬಿಚ್ಚಿ ಹಾಸಿದರು.